ದುಬೈಗೆ ಫ್ರೋಜನ್ ಮಾಲು: ಅಂಗಡಿಯಿಂದ ಹಿಂದಕ್ಕೆ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಹಿತಕಿದ ಅವರೆಬೇಳೆ, ತೆಂಗಿನ ತುರಿ, ಪರೋಟ, ಹೋಳಿಗೆ ಇವನ್ನೆಲ್ಲ ಫ್ರೀಜ್ ಮಾಡಿ ದುಬೈಗೆ ಕಳಿಸಬೇಕೆಂದು ಹೊರಟವರು ಮೊದಲು ಕೇಳುವುದು ಕಂಟೇನರ್ ಬಾಡಿಗೆ ಎಷ್ಟು, ಹಡಗು ಎಷ್ಟು ದಿನಕ್ಕೆ ಮುಟ್ಟುತ್ತದೆ ಅಂತ. ಮುಂಬಯಿ ಪಕ್ಕದ ನವಾ ಶೇವಾ ಬಂದರಿನಿಂದ ದುಬೈನ ಜೆಬೆಲ್ ಅಲಿ ಬಂದರಿಗೆ ನೇರ ಹಡಗಾದರೆ ನಾಲ್ಕೈದು ದಿನ. ಆ ದಿನಗಳಲ್ಲಿ ಮಾಲು ಕೆಡುವುದು ಅಪರೂಪ. ರೀಫರ್ ಅಂದರೆ ತಂಪು ಮಾಡುವ ಯಂತ್ರವಿರುವ ಕಂಟೇನರ್; ಪ್ಲಗ್ಗಿಗೆ ಸಿಕ್ಕಿಸಿದರೆ ಅದು ತನ್ನ ಪಾಡಿಗೆ ಓಡುತ್ತಿರುತ್ತದೆ, ಹಡಗಿನವರು ದಿನಾ ನೋಡಿಕೊಳ್ಳುತ್ತಾರೆ. ಮಾಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ, ಬಾಗಿಲು ತೆರೆದಾಗ ಕೆಡುತ್ತದೆ. ಅಂಥ ಬಾಗಿಲುಗಳು ಹೆಚ್ಚಿರುವುದು ಆ ದಡದಲ್ಲಿ. ಆದ್ದರಿಂದ ಲೆಕ್ಕವನ್ನು ದುಬೈನ ಅಂಗಡಿಯಿಂದ ಶುರುಮಾಡಿ ಹಿಂದಕ್ಕೆ ಬರೋಣ.

ಕರಾಮಾ, ಬರ್ ದುಬೈ ಕಡೆಯ ಗ್ರೋಸರಿಗಳಲ್ಲಿ ಪೆಟ್ಟಿಗೆಯಂಥ ಫ್ರೀಜರ್ ಇರುತ್ತದೆ. ಅದರೊಳಗೆ ಒಂದು ಗೆರೆ ಎಳೆದಿರುತ್ತಾರೆ, ಅದಕ್ಕಿಂತ ಮೇಲೆ ತುಂಬಿದ ಪೊಟ್ಟಣಕ್ಕೆ ತಂಪು ತಾಗುವುದಿಲ್ಲ. ಮಾಲು ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಅವರೆಬೇಳೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ. ಬೇಳೆ ಬಿಡಿಬಿಡಿಯಾಗಿ ಗಲಗಲ ಅಂದರೆ ಸರಿ. ಹೆಂಟೆಯಂತೆ ಒಂದೇ ಮುದ್ದೆಯಾಗಿ, ಪ್ಲಾಸ್ಟಿಕ್ಕಿನ ಒಳಮೈಗೆ ಹರಳು ಹರಳಾದ ಮಂಜು ಅಂಟಿದ್ದರೆ ದಾರಿಯಲ್ಲಿ ಕರಗಿದೆ ಎಂದೇ ಅರ್ಥ. ಪರೋಟವಾದರೆ ನಡುವಿನ ಹಾಳೆಗೆ ಕಚ್ಚಿಕೊಂಡು ಹರಿದು ಬರುತ್ತದೆ.

ಅಂಗಡಿಗೆ ಮಾಲು ತರುವುದು ಚಿಕ್ಕ ವ್ಯಾನು. ಇಂಥ ಎಷ್ಟೋ ವ್ಯಾನುಗಳಲ್ಲಿ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ. ಪಾರ್ಕಿಂಗ್ ಸಿಕ್ಕದೆ ಡ್ರೈವರ್ ದೂರ ನಿಲ್ಲಿಸಿ, ಎಂಜಿನ್ ಆರಿಸಿ, ಬಿಲ್ಲಿಗೆ ಸಹಿ ಹಾಕಿಸಲು ಹೋದರೆ ತಂಪೂ ಅಲ್ಲಿಗೇ ನಿಂತಿತು. ಹೊರಗೆ 45 ಡಿಗ್ರಿ, ಒಂದು ಸುತ್ತಿಗೆ ಇಪ್ಪತ್ತು ಅಂಗಡಿ, ಇಪ್ಪತ್ತು ಸಲ ಬಾಗಿಲು. ಡಿಸ್ಟ್ರಿಬ್ಯೂಟರ್ ಜೊತೆ ಮಾತಾಡುವಾಗ ಮೂರು ವಿಷಯ ಕೇಳಿ: ಎಂಜಿನ್ ನಿಂತಾಗಲೂ ಓಡುವ ಕೂಲಿಂಗ್ ಇದೆಯೇ, ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಇದೆಯೇ, ಕೊನೆಗೆ ಇಳಿಸುವ ಮಾಲನ್ನು ಒಳಗೆ ಮೊದಲು ತುಂಬುತ್ತಾರೆಯೇ. ಕಮಿಷನ್ನಿನ ಚೌಕಾಸಿ ಆಮೇಲಾಗಲಿ.

ಇನ್ನು ಗೋದಾಮು. ಹೊಸದಾಗಿ ಹೋಗುವವರು ಸ್ವಂತ ಕೋಲ್ಡ್ ಸ್ಟೋರೇಜ್ ಕಟ್ಟುವ ಯೋಚನೆಯನ್ನೇ ಬಿಡಬೇಕು. ಪ್ಯಾಲೆಟ್, ಅಂದರೆ ಪೆಟ್ಟಿಗೆಗಳನ್ನು ಪೇರಿಸುವ ಹಲಗೆ, ಅದರ ಲೆಕ್ಕದಲ್ಲಿ ಬಾಡಿಗೆಗೆ ಜಾಗ ಸಿಗುತ್ತದೆ. ನೋಡಲು ಹೋಗುವುದಾದರೆ ಆಗಸ್ಟ್ ತಿಂಗಳ ಮಧ್ಯಾಹ್ನ ಹೋಗಿ. ಜನವರಿಯಲ್ಲಿ ಎಲ್ಲ ಗೋದಾಮೂ ಚೆನ್ನಾಗಿಯೇ ಕಾಣುತ್ತದೆ. ಲಾರಿಯ ಹಿಂಭಾಗ ಡಾಕಿನ, ಅಂದರೆ ಮಾಲು ಇಳಿಸುವ ಬಾಗಿಲುಕಟ್ಟೆಯ, ರಬ್ಬರಿಗೆ ಬಿಗಿಯಾಗಿ ಕೂರುತ್ತದೆಯೇ, ಡಾಕಿಗೂ ಫ್ರೀಜರಿಗೂ ನಡುವೆ ತಂಪಾದ ಕೋಣೆ ಇದೆಯೇ ನೋಡಿ. ಸಮುದ್ರದ ಪಕ್ಕದ ಊರು, ಬೇಸಿಗೆಯ ಗಾಳಿಯಲ್ಲಿ ನೀರು ತುಂಬಿಕೊಂಡಿರುತ್ತದೆ. ಆ ಗಾಳಿ ಒಳಗೆ ನುಗ್ಗಿದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ, ಕಾರ್ಟನ್ ಒದ್ದೆಯಾಗಿ ಕೆಳಗಿನ ಸಾಲು ಕುಸಿಯುತ್ತದೆ. ಕಾರ್ಟನ್ ಎರಡು ಪದರದ್ದಾಗಿರಲಿ ಎನ್ನುವುದು ಇದಕ್ಕೇ. ಕರೆಂಟು ಹೋದಾಗ ಜನರೇಟರ್ ಎಷ್ಟು ಹೊತ್ತಿಗೆ ಹತ್ತುತ್ತದೆ, ರಾತ್ರಿ ಅಲಾರಂ ಯಾರ ಫೋನಿಗೆ ಹೋಗುತ್ತದೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ.

ಬಂದರಿನಿಂದ ಗೋದಾಮಿಗೆ ತರುವುದರಲ್ಲಿ ಎರಡು ತೊಡಕು. 2022ರಿಂದ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ, ಶನಿವಾರ ಭಾನುವಾರ ರಜೆ. ಕಾಗದಪತ್ರದಲ್ಲಿ ಏನಾದರೂ ತಪ್ಪಿದ್ದು ಶುಕ್ರವಾರ ಮಧ್ಯಾಹ್ನ ಗೊತ್ತಾದರೆ ಸೋಮವಾರದವರೆಗೆ ಜಾಗದ ಬಾಡಿಗೆ, ಕಂಟೇನರಿಗೆ ಕರೆಂಟು ಕೊಡುವ ಪ್ಲಗ್ಗಿನ ಬಾಡಿಗೆ ಎರಡೂ ಏರುತ್ತಿರುತ್ತವೆ. ಹಡಗು ವಾರದ ಮೊದಲರ್ಧದಲ್ಲಿ ಮುಟ್ಟುವಂತೆ ಬುಕಿಂಗ್ ಮಾಡಿ. ಎರಡನೆಯದು, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೂಲಿ ಕೆಲಸ ಮಾಡಿಸುವಂತಿಲ್ಲ. ಅದು ನ್ಯಾಯವಾದದ್ದೇ ಸರಿ. ತೆರೆದ ಅಂಗಳದಲ್ಲಿ ಇಳಿಸುವ ಗೋದಾಮಾದರೆ ಹನ್ನೊಂದೂವರೆಗೆ ಬಂದ ಕಂಟೇನರ್ ಅರ್ಧ ಖಾಲಿಯಾಗಿ ನಿಲ್ಲುತ್ತದೆ. ಬೆಳಗಿನ ಜಾವದ ಸಮಯ ಕೇಳಿ ಪಡೆಯಿರಿ.

ಕಾಗದಪತ್ರದ ಮಾತು ಚುಟುಕಾಗಿ ಹೇಳುತ್ತೇನೆ. ಇಲ್ಲಿ ಅಪೇಡಾ, ಅಂದರೆ ಕೃಷಿ ಮತ್ತು ಆಹಾರ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರಿ ಸಂಸ್ಥೆಯ ನೋಂದಣಿ. ಅಲ್ಲಿ ಆಹಾರ ವ್ಯಾಪಾರದ ಲೈಸೆನ್ಸ್ ಇರುವ ಆಮದುದಾರ, ಅವರ ಮೂಲಕ ಪ್ರತಿ ಐಟಂ ನೋಂದಣಿ. ಲೇಬಲ್ ಅರಬ್ಬಿಯಲ್ಲಿರಬೇಕು, ತಯಾರಾದ ದಿನಾಂಕ ಮತ್ತು ಮುಗಿಯುವ ದಿನಾಂಕ ಎರಡೂ ಇರಬೇಕು. ಲೇಬಲ್ಲಿಗೆ ಒಪ್ಪಿಗೆ ಸಿಗುವ ಮೊದಲು ಪೊಟ್ಟಣ ಅಚ್ಚು ಹಾಕಿಸಬೇಡಿ. ಭಾರತ ಮತ್ತು ಅಮೀರಾತ್ ನಡುವಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ, ಸುಂಕದ ರಿಯಾಯಿತಿ ಬೇಕಾದರೆ ಮಾಲು ಭಾರತದ್ದೇ ಎನ್ನುವ ಮೂಲದ ಪ್ರಮಾಣಪತ್ರವನ್ನು ಆ ಒಪ್ಪಂದದ ನಮೂನೆಯಲ್ಲೇ ತೆಗೆಸಿ.

ಈಗ ನಮ್ಮ ದಡಕ್ಕೆ ಬಂದೆವು. 40 ಅಡಿಯ ರೀಫರಿನಲ್ಲಿ ಸುಮಾರು 20 ಪ್ಯಾಲೆಟ್ ಹಿಡಿಯುತ್ತದೆ. ಬುಕಿಂಗ್ ಪತ್ರದಲ್ಲಿ 'ಮೈನಸ್ 18 ಡಿಗ್ರಿ ಸೆಲ್ಸಿಯಸ್' ಎಂದು ಅಕ್ಷರದಲ್ಲೂ ಬರೆಯಿರಿ. ಮೈನಸ್ ಗುರುತು ಬಿಟ್ಟುಹೋಗಿ ಯಂತ್ರವನ್ನು ಪ್ಲಸ್ 18ಕ್ಕೆ ಇಟ್ಟರೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಹೊರಗಿನ ಗಾಳಿ ಬರುವ ಕಂಟೇನರಿನ ಕಿಂಡಿ ಪೂರ್ತಿ ಮುಚ್ಚಿರಬೇಕು. ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲಿನ ಕೆಂಪು ಗೆರೆ ದಾಟಬೇಡಿ, ಬಾಗಿಲ ಕಡೆ ನೆಲದ ಉಬ್ಬುಪಟ್ಟಿಗಳು ಮುಗಿಯುವಲ್ಲಿಂದಾಚೆ ಚಾಚಬೇಡಿ. ಗಾಳಿ ನೆಲದ ಸಂದಿಗಳಲ್ಲಿ ಹರಿದು, ಸರಕಿನ ಸುತ್ತ ಏರಿ, ಮೇಲಿನಿಂದ ಯಂತ್ರಕ್ಕೆ ಮರಳಬೇಕು. ವಿಜಯಪುರದ ದ್ರಾಕ್ಷಿಯಂಥ ತಾಜಾ ಹಣ್ಣಿಗೆ ಇದೆಲ್ಲ ತಿರುವುಮುರುವು: ತಾಪ ಸೊನ್ನೆಯ ಆಸುಪಾಸು, ಕಿಂಡಿ ಸ್ವಲ್ಪ ತೆರೆದು, ಪೆಟ್ಟಿಗೆಯ ತೂತುಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ಸಾಲಿಗೆ ಬರಬೇಕು. ಎರಡನ್ನೂ ಒಂದೇ ಕಂಟೇನರಿನಲ್ಲಿ ಹಾಕುವ ಆಸೆ ಬೇಡ.

ತುಂಬುವಾಗ ಕಂಟೇನರಿನ ಯಂತ್ರ ಆರಿಸಿರಬೇಕು. ಬಾಗಿಲು ತೆರೆದು ಓಡಿಸಿದರೆ ಹೊರಗಿನ ಬಿಸಿಗಾಳಿಯನ್ನೇ ಎಳೆದುಕೊಂಡು ಕಾಯಿಲ್ ಮೇಲೆ ಮಂಜು ಕಟ್ಟಿಸಿಕೊಳ್ಳುತ್ತದೆ. ಬೆಂಗಳೂರಿನ ಕಡೆಯಿಂದ ನವಾ ಶೇವಾ ಬಂದರಿನವರೆಗೆ ಸುಮಾರು 1,000 ಕಿಲೋಮೀಟರ್ ದಾರಿಗೆ, ಕಂಟೇನರಿಗೆ ಕರೆಂಟು ಕೊಡಲು ಡೀಸೆಲ್ ಜೆನ್‌ಸೆಟ್ ಬೇಕು. ಟ್ಯಾಂಕ್ ತುಂಬಿದೆಯೇ ಎಂದು ಹೊರಡುವ ಮುಂಚೆ ಕಣ್ಣಾರೆ ನೋಡಿ.

ಎಲ್ಲಕ್ಕಿಂತ ಹೆಚ್ಚಾಗಿ, ರೀಫರ್ ಇರುವುದು ತಂಪನ್ನು ಉಳಿಸಲು. ಮೈನಸ್ 10ರಲ್ಲಿ ಹತ್ತಿಸಿದ ಇಪ್ಪತ್ತು ಟನ್ ಮಾಲನ್ನು ಅದು ಮೈನಸ್ 18ಕ್ಕೆ ಇಳಿಸಲು ಹೆಣಗುತ್ತದೆ, ನಡುವಿನ ಪೆಟ್ಟಿಗೆಗಳು ದುಬೈ ಮುಟ್ಟಿದರೂ ಬೆಚ್ಚಗೇ ಇರಬಹುದು. ಫ್ಯಾಕ್ಟರಿಯ ಬಾಗಿಲಲ್ಲೇ ಪ್ರತಿ ಪ್ಯಾಲೆಟ್ಟಿನಿಂದ ಒಂದು ಪೆಟ್ಟಿಗೆ ಬಿಚ್ಚಿ, ಎರಡು ಪೊಟ್ಟಣಗಳ ನಡುವೆ, ಮೊದಲೇ ತಣ್ಣಗೆ ಮಾಡಿಟ್ಟ ಥರ್ಮಾಮೀಟರ್ ಸೂಜಿ ಇಟ್ಟು ನೋಡಿ. ಮೈನಸ್ 18 ಬರದಿದ್ದರೆ ಆ ಪ್ಯಾಲೆಟ್ ಫ್ರೀಜರಿಗೆ ವಾಪಸ್ ಹೋಗಲಿ. ತಾಪ ಬರೆದುಕೊಳ್ಳುವ ಲಾಗರ್ ಒಂದನ್ನು ನಡುವೆ, ಒಂದನ್ನು ಬಾಗಿಲ ಬಳಿಯ ಪೆಟ್ಟಿಗೆಗಳ ಸಂದಿಯಲ್ಲಿ ಇಡಿ. ಕಂಟೇನರಿನ ಯಂತ್ರದೊಳಗೂ ಒಂದು ದಾಖಲೆ ಇರುತ್ತದೆ. ತಕರಾರು ಬರುವ ಸೂಚನೆ ಕಂಡರೆ ಖಾಲಿ ಕಂಟೇನರ್ ಹಿಂತಿರುಗಿಸುವ ಮೊದಲೇ ಅದರ ಪ್ರತಿಯನ್ನು ಹಡಗು ಕಂಪನಿಯಿಂದ ಬರಹದಲ್ಲಿ ಕೇಳಿ. ಅದೇ ಕಂಟೇನರ್ ಬೇರೆಯವರ ಮಾಲು ತುಂಬಿಕೊಂಡು ಹೊರಟ ಮೇಲೆ ಆ ದಾಖಲೆ ಕೈಗೆ ಸಿಗುವುದು ಕಷ್ಟ.

ನಮಸ್ಕಾರ.