ಮಂಕಾದ ಅಲಾಯ್ ಗಾಲಿಗೆ ಮರಳಿ ಹೊಳಪು

ಎಲ್ಲರಿಗೂ ನಮಸ್ಕಾರ.

ಅಲಾಯ್ ಗಾಲಿ ಮಂಕಾದರೆ ನಾವು ಸಾಮಾನ್ಯವಾಗಿ ನೇರ ಅಂಗಡಿಗೆ ಹೋಗಿ ಪಾಲಿಷ್ ತರುತ್ತೇವೆ. ಅದಕ್ಕೂ ಮೊದಲು ಒಂದು ವಿಷಯ ಗೊತ್ತಿರಬೇಕು: ನಾವು ಉಜ್ಜಲು ಹೊರಟಿರುವುದು ಲೋಹವನ್ನೋ, ಲೋಹದ ಮೇಲೆ ಹೊಡೆದ ಪಾರದರ್ಶಕ ಲೇಪನವಾದ ಲ್ಯಾಕರನ್ನೋ? ಹಾಳಾದ ಗಾಲಿಗಳಲ್ಲಿ ಎಷ್ಟೋ ಇದನ್ನು ಕೇಳಿಕೊಳ್ಳದೆ ಉಜ್ಜಿದ್ದರಿಂದಲೇ ಹಾಳಾದವು.

ಪರೀಕ್ಷೆ ಸುಲಭ. ಗಾಲಿಯನ್ನು ಸೋಪುನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ. ಎದ್ದು ಕಾಣದ ಒಂದು ಜಾಗದಲ್ಲಿ ಚೂರು ಮೆಟಲ್ ಪಾಲಿಷ್ ಹಚ್ಚಿ, ಬಿಳಿ ಬಟ್ಟೆಯಿಂದ ತಿಕ್ಕಿ. ಬಟ್ಟೆ ಕಪ್ಪಾದರೆ ಅದು ಬರೀ ಲೋಹ. ಬೆಳ್ಳಗೇ ಉಳಿದರೆ ಮೇಲೆ ಲ್ಯಾಕರ್ ಇದೆ. ಕಾರಿನ ಜೊತೆ ಕಂಪನಿಯಿಂದಲೇ ಬರುವ ಗಾಲಿಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು.

ಅಲಾಯ್ ಗಾಲಿಯ ಮುಖ್ಯ ಲೋಹ ಅಲ್ಯೂಮಿನಿಯಂ. ಗಾಳಿ ತಾಗಿದ ಕೂಡಲೇ ಅದು ತನ್ನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಆ ಪದರವೇ ಅದಕ್ಕೆ ರಕ್ಷಣೆ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 4ರಿಂದ 8.5ರ ನಡುವೆ ಇರುವಷ್ಟೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕಿಂತ ಕೆಳಗಿನ ಆಮ್ಲವಾಗಲಿ, ಮೇಲಿನ ಕ್ಷಾರವಾಗಲಿ ಅದನ್ನು ಕರಗಿಸುತ್ತದೆ. ಇನ್ನು ಉಪ್ಪಿನ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ತೂತು ಮಾಡಿ ಒಳಗಿಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡಲಗಾಳಿಯಲ್ಲಿ ನಿಂತ ಬಂಡಿಗಳ ಗಾಲಿಯ ಮೇಲೆ ಬಿಳಿ ಪುಡಿ, ಅದನ್ನು ಕೆರೆದರೆ ಸೂಜಿಮೊನೆಯಂಥ ಗುಳಿಗಳು ಕಾಣುವುದು ಇದರಿಂದಲೇ. ಬ್ರೇಕ್ ಧೂಳಿನ ಕಬ್ಬಿಣದ ಕಣ ಒದ್ದೆಯಾಗಿ ಕೂತರೂ ಸುತ್ತಲಿನ ಅಲ್ಯೂಮಿನಿಯಂ ಸವೆಯುತ್ತದೆ.

ಆದ್ದರಿಂದ ವಾಟರ್ ಸರ್ವಿಸ್‌ನಲ್ಲಿ ಯಾರಾದರೂ ಆಸಿಡ್ ಹೊಡೆದು ತೊಳೆಯುತ್ತೇವೆ ಎಂದರೆ ದಯವಿಟ್ಟು ಬೇಡವೆನ್ನಿ. ಕಾಸ್ಟಿಕ್ ಸೋಡವೂ ಬೇಡ. ಕೆಲವು ವೀಲ್ ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮಕ್ಕೆ ತಾಗಿದರೆ ಒಳಗಿಳಿದು ಮೂಳೆಯವರೆಗೂ ಹಾನಿ ಮಾಡಬಲ್ಲದು, ನೋವು ಕೆಲವೊಮ್ಮೆ ಗಂಟೆಗಳ ನಂತರ ಶುರುವಾಗುತ್ತದೆ. ಕೈಗವಸಿಲ್ಲದೆ ದಿನವಿಡೀ ಗಾಲಿ ತೊಳೆಯುವ ಹುಡುಗರನ್ನು ನೆನೆದರೆ ನನಗೆ ಗಾಲಿಗಿಂತ ಅವರ ಕೈಯದೇ ಚಿಂತೆ.

ಈಗ ಬರೀ ಲೋಹದ ಗಾಲಿ. ಗುಳಿ ಬಿದ್ದಿದ್ದರೆ 400 ನಂಬರಿನ ವಾಟರ್ ಪೇಪರ್‌ನಿಂದ (ನೀರಿನಲ್ಲಿ ನೆನೆಸಿ ಉಜ್ಜುವ ಮರಳು ಕಾಗದ) ಶುರುಮಾಡಿ, ಬರೀ ಮಂಕಾಗಿದ್ದರೆ 1000 ಸಾಕು. ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಪೇಪರ್ ಯಾವಾಗಲೂ ನೀರಿನಲ್ಲಿ ನೆನೆದೇ ಇರಲಿ. ಅಲ್ಯೂಮಿನಿಯಂ ಧೂಳು ಉಸಿರಿಗೂ ಒಳ್ಳೆಯದಲ್ಲ, ಬೆಂಕಿಗೂ ಬೇಗ ಸಿಗುತ್ತದೆ. 400ರಲ್ಲಿ ಅಡ್ಡಕ್ಕೆ ಉಜ್ಜಿದ್ದರೆ 600ರಲ್ಲಿ ಉದ್ದಕ್ಕೆ ಉಜ್ಜಿ. ಅಡ್ಡಗೆರೆ ಒಂದೂ ಉಳಿಯದ ಮೇಲಷ್ಟೇ 800, 1000, 1500, 2000ಕ್ಕೆ ಹೋಗಿ. ಅವಸರಪಟ್ಟು ಒಂದು ನಂಬರ್ ಹಾರಿಸಿದರೆ ಹಳೆಯ ಗೆರೆ ಕೊನೆಗೆ ಪಾಲಿಷ್ ಮಾಡಿದಾಗ ಎದ್ದು ಕಾಣುತ್ತದೆ, ಮತ್ತೆ ಹಿಂದಕ್ಕೇ ಬರಬೇಕು. 2000ದ ನಂತರ ಗಾಲಿ ಬೂದುಬಣ್ಣದ ರೇಷ್ಮೆಯ ಹಾಗೆ ಕಾಣುತ್ತದೆ. ಆಮೇಲೆ ಪಾಲಿಷ್, ಕಡೆಗೆ ವ್ಯಾಕ್ಸ್. ವ್ಯಾಕ್ಸ್ ಬಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಪುನಃ ಮಂಕು. ಪಾಲಿಷ್ ಮಾತ್ರ ಬ್ರೇಕ್ ಡಿಸ್ಕ್‌ಗೆ ತಾಗಬಾರದು.

ಲ್ಯಾಕರ್ ಇರುವ ಗಾಲಿಯಲ್ಲಿ ಹುಳು ಹರಿದಂಥ ಬಿಳಿ ಎಳೆಗಳು ಕಂಡರೆ ತುಕ್ಕು ಲ್ಯಾಕರ್‌ನ ಅಡಿಯಲ್ಲಿ ಹರಡುತ್ತಿದೆ ಎಂದರ್ಥ. ಮೇಲಿನಿಂದ ಎಷ್ಟು ಪಾಲಿಷ್ ಹಾಕಿದರೂ ಅದು ಹೋಗುವುದಿಲ್ಲ. ಲ್ಯಾಕರ್ ತೆಗೆದು, ಲೋಹ ಸರಿಮಾಡಿ, ಹೊಸದಾಗಿ ಹೊಡೆಸಬೇಕು. ಲೇತ್‌ನಲ್ಲಿ ಮುಖ ಕೊರೆದ ಡೈಮಂಡ್ ಕಟ್ ಗಾಲಿಯನ್ನು ಮನೆಯಲ್ಲಿ ಮುಟ್ಟಲೇಬೇಡಿ. ಪ್ರತಿ ಸಲ ಕೊರೆದಾಗಲೂ ಲೋಹ ತೆಳುವಾಗುವುದರಿಂದ ಲೇತ್‌ಗೂ ಅದನ್ನು ಪದೇ ಪದೇ ಏರಿಸುವಂತಿಲ್ಲ.

ಹಳೆಯ ಬಣ್ಣವನ್ನು ಗ್ಯಾಸ್ ಟಾರ್ಚ್‌ನಿಂದ ಸುಡುವವರಿದ್ದಾರೆ. ಎರಕದ ಗಾಲಿಗೆ ಹೆಚ್ಚಾಗಿ ಬಳಸುವ ಎ356 ಮಿಶ್ರಲೋಹದಲ್ಲಿ ಸುಮಾರು 7% ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ ಇರುತ್ತದೆ. ಅದರ ಬಲ ಬರುವುದು ಕೊನೆಯಲ್ಲಿ 155 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದವಾಗಿ ಕಾಯಿಸಿದ್ದರಿಂದ. ಟಾರ್ಚ್‌ನ ಉರಿ ಆ ಹದ ಕೆಡಿಸುತ್ತದೆ. ಗಾಲಿ ನೋಡಲು ಹಾಗೆಯೇ ಇರುತ್ತದೆ, ಹೊಂಡಕ್ಕೆ ಬಿದ್ದಾಗ ಬಾಗುತ್ತದೆ. ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಒಲೆಯಲ್ಲಿ ಕಾಯಿಸುವುದು) ಮಾಡಿಸುವಾಗಲೂ ಒಲೆಯ ಶಾಖ ಎಷ್ಟು, ಎಷ್ಟು ಹೊತ್ತು ಎಂದು ಕೇಳಿ. ಉತ್ತರ ಕೊಡಲು ತಡವರಿಸುವ ಕಡೆ ಕೊಡಬೇಡಿ.

ಟೈರ್ ಬಿಚ್ಚಿದಾಗ ಅದು ಕೂರುವ ಅಂಚನ್ನೂ ನೋಡಿ. ಟ್ಯೂಬ್‌ಲೆಸ್ ಟೈರಿನಲ್ಲಿ ಪಂಕ್ಚರ್ ಸಿಗದೆ ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಆ ಅಂಚಿನ ಬಿಳಿ ಪುಡಿ ಕಾರಣವಾಗಿರಬಹುದು. ಅದನ್ನು ಉಜ್ಜುವ ನಾರಿನಿಂದ ತೆಗೆದು, ಒರೆಸಿ, ಬಿರುಕು ಇಲ್ಲವೆಂದು ಖಚಿತ ಮಾಡಿಕೊಂಡೇ ಟೈರ್ ಕೂರಿಸಿ. ಬಿರುಕು ಕಂಡರೆ ಆ ಗಾಲಿಗೆ ಪಾಲಿಷ್ ಬೇಡ, ಬೇರೆ ಗಾಲಿ ಹಾಕಿಸಿ.