ವೋಟು ಮಂಜೇಶ್ವರದಲ್ಲಿ, ಟ್ಯಾಂಕು ತಲಪಾಡಿಯಲ್ಲಿ

ನನ್ನ ಭಾವ ಮಂಗಳೂರಿನಿಂದ ಗಡಿ ದಾಟಿ ಕೇರಳದ ನಮ್ಮ ಉಪ್ಪಳಕ್ಕೆ ತರಕಾರಿ ತರುವ ಪಿಕಪ್ ಓಡಿಸ್ತಾನೆ. ಎರಡು ರಾಜ್ಯಗಳ ತೆರಿಗೆ ಲೆಕ್ಕ ಅವನಿಗೆ ಬಾಯಿಪಾಠ. ಬಜೆಟ್ ಭಾಷಣ ಕೇಳಿ ಅಲ್ಲ ಮಾರಾಯ್ರೆ, ಗಡಿಯ ಕರ್ನಾಟಕ ಬದಿಯ ತಲಪಾಡಿ ಬಂಕಿನ ಮೀಟರ್ ನೋಡಿ.

2021ರ ನವೆಂಬರ್ 2ಕ್ಕೆ ಹಾನಗಲ್ ಉಪಚುನಾವಣೆಯ ಫಲಿತಾಂಶ ಬಂತು. ಮುಖ್ಯಮಂತ್ರಿ ಬೊಮ್ಮಾಯಿಯವರ ಸ್ವಂತ ಜಿಲ್ಲೆಯಲ್ಲೇ ಬಿಜೆಪಿ ಸೋತಿತ್ತು. ಮರುದಿನ ಕೇಂದ್ರ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಇಳಿಸಿತು. ಅದರ ಬೆನ್ನಿಗೇ ಕರ್ನಾಟಕ ಎರಡಕ್ಕೂ 7 ರೂಪಾಯಿ ಇಳಿಸಿತು. ದೀಪಾವಳಿ ಉಡುಗೊರೆ ಅಂದರು. ಉಡುಗೊರೆ ಯಾರ ಹೆದರಿಕೆಯಿಂದ ಬಂತು ಅಂತ ಭಾವನಿಗೆ ಗೊತ್ತಿತ್ತು.

ಕೇರಳ ಇಳಿಸಲಿಲ್ಲ. ನಾವು ವರ್ಷಗಳಿಂದ ಏರಿಸಿಯೇ ಇಲ್ಲ, ಮತ್ತೆ ಇಳಿಸುವುದು ಯಾಕೆ ಅಂತ ಹಣಕಾಸು ಮಂತ್ರಿ ಬಾಲಗೋಪಾಲ್ ವಾದ. ಅರ್ಧ ಸರಿ. ಉಳಿದ ಅರ್ಧ ಏನೆಂದರೆ, ಈ ತೆರಿಗೆ ಇರುವುದು ಶೇಕಡಾ ಲೆಕ್ಕದಲ್ಲಿ. ಮೂಲ ಬೆಲೆ ಏರಿದರೆ ರಾಜ್ಯದ ಪಾಲೂ ತಾನಾಗಿ ಉಬ್ಬುತ್ತದೆ. ಯಾರೂ ಕೈ ಹಾಕದೆ, ಯಾರ ಹೆಸರೂ ಕೆಡದೆ ಏರುವ ತೆರಿಗೆ ಅದು.

2023ರಲ್ಲಿ ಅದೇ ಬಾಲಗೋಪಾಲ್ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದರು, ಸಾಮಾಜಿಕ ಭದ್ರತಾ ಪಿಂಚಣಿಗೆ ಬೇಕು ಅಂತ. ಭಾವ ಬೈದ, ನಾನೂ ಬೈದೆ. ಆದರೂ ಒಂದು ಮಾತು ಹೇಳಬೇಕು: ಬಜೆಟಿನಲ್ಲಿ ಎದ್ದುನಿಂತು, ಕಾರಣ ಕೊಟ್ಟು, ಬೈಗುಳ ತಿಂದು ಹಾಕಿದರು. ಗಡಿಯಾಚೆ ನೋಡಿ. 2024ರ ಜೂನ್ 4ಕ್ಕೆ ಲೋಕಸಭೆ ಫಲಿತಾಂಶ. ಜೂನ್ 15ಕ್ಕೆ ಕರ್ನಾಟಕದಲ್ಲಿ ಪೆಟ್ರೋಲ್ ಮಾರಾಟ ತೆರಿಗೆ 25.92ರಿಂದ 29.84 ಶೇಕಡಾ, ಲೀಟರಿಗೆ 3 ರೂಪಾಯಿ ಜಾಸ್ತಿ. ಹನ್ನೊಂದೇ ದಿನ! ಎಣಿಕೆ ಕೇಂದ್ರದ ಪೆಂಡಾಲ್ ಬಿಚ್ಚಿದ್ದರೋ ಇಲ್ಲವೋ.

ಯಾವಾಗಲೂ ಪೆಟ್ರೋಲೇ ಯಾಕೆ? 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ಏರಿಸಿ ಇಳಿಸಬಹುದಾದ ದೊಡ್ಡ ಬಾಬತ್ತು ಅಂದರೆ ಪೆಟ್ರೋಲ್, ಡೀಸೆಲ್, ಮದ್ಯ, ಭೂಮಿ, ರಿಜಿಸ್ಟ್ರಿ, ವಾಹನ ತೆರಿಗೆ, ಇಂಥ ಕೆಲವೇ. ಆ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಐದು ವರ್ಷದ ಪರಿಹಾರವೂ 2022ರ ಜೂನ್‌ಗೆ ನಿಂತಿತು. ಖಾಲಿ ಡಬ್ಬಿ ಕೆರೆಯುವ ಹಾಗೆ ಎರಡೂ ರಾಜ್ಯಗಳು ಇದ್ದದ್ದನ್ನೇ ಕೆರೆಯುತ್ತಿವೆ.

ಕೇರಳದಲ್ಲಿ ನಾವು ಕಟ್ಟುವ ತೀರ್ವೆಯನ್ನೇ, ಅಂದರೆ ಭೂಮಿ ತೆರಿಗೆಯನ್ನೇ ನೋಡಿ. ಪಂಚಾಯತಿನಲ್ಲಿ 8.1 ಆರ್‌ಗಿಂತ (ಒಂದು ಆರ್ ಅಂದರೆ ಸುಮಾರು ಎರಡೂವರೆ ಸೆಂಟ್) ಹೆಚ್ಚು ಜಾಗ ಇದ್ದರೆ ಆರ್‌ಗೆ 8 ರೂಪಾಯಿ ಇದ್ದದ್ದು 2025ರ ಬಜೆಟಿನಲ್ಲಿ 12 ಆಯಿತು. ಒಂದು ಎಕರೆ ಅಡಿಕೆ ತೋಟಕ್ಕೆ ಸುಮಾರು 320 ಕಟ್ಟುತ್ತಿದ್ದವರು ಈಗ 485. ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ರಶೀದಿ ಹಿಡಿದು ಅಪ್ಪ ಎರಡು ಸಲ ಕನ್ನಡಕ ಒರೆಸಿದರು. ಮೊತ್ತ ದೊಡ್ಡದಲ್ಲ, ಒಪ್ಪುತ್ತೇನೆ. ಒಂದೇ ಸಲಕ್ಕೆ ಅರ್ಧದಷ್ಟು ಏರಿತಲ್ಲ, ಅದು ಚುಚ್ಚುವುದು.

ಮನೆ ಕಟ್ಟುವ ಪರ್ಮಿಟ್ ಫೀಸಿನ ಕಥೆ ಇನ್ನೂ ಚಂದ. 2023ರ ಏಪ್ರಿಲಿನಲ್ಲಿ ಹಲವು ಪಟ್ಟು ಏರಿಸಿದರು. 2024ರ ಲೋಕಸಭೆಯಲ್ಲಿ, ಆಗ ಕೇರಳ ಆಳುತ್ತಿದ್ದ ಎಡರಂಗಕ್ಕೆ ಇಪ್ಪತ್ತರಲ್ಲಿ ಸಿಕ್ಕಿದ್ದು ಒಂದೇ ಸೀಟು. ಆಗಸ್ಟ್ 1ರಿಂದ ಫೀಸು ಶೇಕಡಾ 60ರವರೆಗೆ ಇಳಿಯಿತು. ಅರ್ಜಿ, ಮನವಿ, ಧರಣಿ ಯಾವುದಕ್ಕೂ ಕರಗದ್ದು ಮತಪೆಟ್ಟಿಗೆಗೆ ಕರಗಿತು.

ಹಾಗಾದರೆ ವೋಟಿಗೆ ಬೆಲೆ ಉಂಟು ಅನ್ನುತ್ತೀರಿ. ಉಂಟು, ಆದರೆ ಭಾವನ ವೋಟು ಕೇರಳದ ಮಂಜೇಶ್ವರದಲ್ಲಿ, ಅವನು ಡೀಸೆಲ್ ಹಾಕಿಸುವುದು ತಲಪಾಡಿಯಲ್ಲಿ. 2025ರ ಏಪ್ರಿಲಿನಲ್ಲಿ ಕರ್ನಾಟಕ ಡೀಸೆಲಿಗೆ ಮತ್ತೆ 2 ರೂಪಾಯಿ ಏರಿಸಿದಾಗ ಅವನು ಯಾರನ್ನು ಸೋಲಿಸಬೇಕು? ಅವನು ಕಟ್ಟಿದ ತೆರಿಗೆಯ ಪಾಲು ಸೇರಿ ಓಡುವ ಶಕ್ತಿ ಬಸ್ಸಿನಲ್ಲಿ ನನ್ನ ಅಕ್ಕ ಫ್ರೀಯಾಗಿ ಕೂರುವ ಹಾಗಿಲ್ಲ, ಅವಳ ಆಧಾರ್ ಕೇರಳದ್ದು. ಅವನ ಅಮ್ಮನಿಗೆ ಪಿಂಚಣಿ ಕೊಡುವುದು ಕೇರಳ. ಆ ಪಿಂಚಣಿಗೆಂದೇ ಹಾಕಿದ 2 ರೂಪಾಯಿಯನ್ನು ತಪ್ಪಿಸಿ ಇವನು ಗಡಿ ದಾಟುತ್ತಾನೆ.

ಇದನ್ನು ಅವನಿಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನೀನು ನಿನ್ನೆ ಸ್ಕೂಟರಿಗೆ ಎಲ್ಲಿ ಹಾಕಿಸಿದ್ದು ಭಾವ?” ಅಂತ ಕೇಳಿದ.

ತಲಪಾಡಿಯಲ್ಲೇ. ಕೆಎಲ್ 14 ನಂಬರ್ ಕಂಡ ಕೂಡಲೇ ಬಂಕಿನ ಹುಡುಗ ಎಷ್ಟಕ್ಕೆ ಅಂತಲೂ ಕೇಳುವುದಿಲ್ಲ, “ಫುಲ್ ಅಲ್ವಾ?” ಅನ್ನುತ್ತಾನೆ.