ಮುಳುಗಡೆಯನ್ನು ತ್ಯಾಗ ಅನ್ನಬೇಡಿ

ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ವೇದಿಕೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತೆ: ಶರಾವತಿ ಮುಳುಗಡೆಯವರು ನಾಡಿನ ಬೆಳಕಿಗಾಗಿ ತ್ಯಾಗ ಮಾಡಿದರು. ಗೌರವದಿಂದ ಆಡುವ ಮಾತೇ, ಆದರೆ ತಪ್ಪು ಮಾತು. ಬೇಡ ಅನ್ನೋ ದಾರಿ ಇದ್ದೂ ಕೊಟ್ಟರೆ ಅದು ತ್ಯಾಗ. 1964ರಲ್ಲಿ, ವಿದ್ಯುತ್ತಿಗಾಗಿ ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಗದ್ದೆ, ತೋಟ, ಮನೆ ಬಿಟ್ಟೆದ್ದ ಸಾವಿರಾರು ಕುಟುಂಬಗಳಿಗೆ ಆ ದಾರಿ ಇರಲಿಲ್ಲ.

ಈ ಮಾತಿನ ಬೆನ್ನಿಗಿರೋದು ಉಪಯುಕ್ತತಾವಾದ: ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ. ಅದನ್ನ ನಾವು ಬರೀ ತಲೆ ಎಣಿಕೆ ಮಾಡಿಬಿಟ್ಟಿದ್ದೇವೆ. ಈ ಕಡೆ ಕೋಟಿ ಜನ, ಆ ಕಡೆ ಕೆಲವು ಸಾವಿರ, ಮುಗೀತು. ಈ ವಾದ ಕಟ್ಟಿದ ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲಿ ಕೊಟ್ಟ ಲೆಕ್ಕ ಹಾಗಿಲ್ಲ. ಸುಖ ದುಃಖ ಅಳೆಯೋಕೆ ಅವನು ಏಳು ಅಳತೆ ಇಟ್ಟ. ಎಷ್ಟು ತೀವ್ರ, ಎಷ್ಟು ಕಾಲ, ಎಷ್ಟು ಖಚಿತ, ಎಷ್ಟು ಹತ್ತಿರ, ಅದರಿಂದ ಅಂಥದ್ದೇ ಇನ್ನಷ್ಟು ಹುಟ್ಟುತ್ತಾ, ಅದಕ್ಕೆ ವಿರುದ್ಧವಾದದ್ದು ಹಿಂದೆಯೇ ಬರುತ್ತಾ. ಎಷ್ಟು ಜನಕ್ಕೆ ಅನ್ನೋದು ಏಳನೆಯದು, ಕೊನೆಯದು.

ಎಷ್ಟು ಕಾಲ ಅನ್ನೋ ಒಂದೇ ಸಾಲು ತುಂಬಿ ನೋಡಿ. ಲಿಂಗನಮಕ್ಕಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರಲ್ಲಿ. ನೀರು ನಿಂತು 61 ವರ್ಷದ ಮೇಲೆ! ಅಲ್ಲಿತನಕ ಹಿನ್ನೀರಿನಾಚೆಯ ತುಮರಿ ಕಡೆಯವರು ಸಾಗರದ ಆಸ್ಪತ್ರೆಗೆ ಬರಬೇಕಂದ್ರೆ ಲಾಂಚ್ ಕಾಯಬೇಕು, ಇಲ್ಲಾ ದೂರದ ದಾರಿ ಬಳಸಿ ಬರಬೇಕು. ಹಕ್ಕುಪತ್ರಕ್ಕೆ ಅಲೆದವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಅಲೀತಿದ್ದಾರೆ. ನೋವಿನಿಂದ ನೋವು ಹುಟ್ಟೋದು ಅಂದ್ರೆ ಇದೇ, ಬೆಂಥಮನ ಐದನೇ ಅಳತೆ.

ಏಳನ್ನೂ ತುಂಬಿದ ಮೇಲೂ ತಕ್ಕಡಿ ವಿದ್ಯುತ್ ಕಡೆಗೇ ವಾಲಿತು ಅಂತಿಟ್ಟುಕೊಳ್ಳಿ. ಸಾವಿರ ಮೆಗಾವಾಟ್ ಮೀರಿದ ವಿದ್ಯುತ್ ಸಣ್ಣದಲ್ಲ. ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಬೇಕಾಗೋದು ಆಗಲೇ. 1785ರ ಅವನ ಸೂತ್ರವನ್ನ 'ಮನುಷ್ಯರನ್ನ ಬಳಸಿಕೊಳ್ಳಬಾರದು' ಅಂತ ನೋಟ್ಸಲ್ಲಿ ಬರೆಸಿಬಿಡ್ತಾರೆ. ಅವನು ಹೇಳಿದ್ದು, ಬರೀ ಸಾಧನವಾಗಿ ಬಳಸಬಾರದು ಅಂತ. ಆ 'ಬರೀ' ಬಿಟ್ಟರೆ ಸೂತ್ರವೇ ಕೆಡುತ್ತೆ. ಅಡಕೆ ಕೊಯ್ಲಿಗೆ ಕೊನೆಗೌಡನನ್ನ, ಅಂದ್ರೆ ಮರ ಹತ್ತಿ ಗೊನೆ ಇಳಿಸುವವನನ್ನ, ತೋಟದವರು ಬಳಸಿಕೊಳ್ತಾರೆ, ದುಡಿಮೆಗೆ ಅವನು ತೋಟದವರನ್ನ ಬಳಸಿಕೊಳ್ತಾನೆ. ಕೂಲಿ ಒಪ್ಪಿಗೆಯಾಗದಿದ್ದರೆ ಬರಲ್ಲ ಅಂತಾನೆ. ತಪ್ಪೇನಿಲ್ಲ. ಮುಳುಗಡೆಯಲ್ಲಿ ಆ 'ಬರಲ್ಲ' ಅನ್ನೋ ಮಾತಿಗೇ ಜಾಗ ಇರಲಿಲ್ಲ.

ಈಗ ಶರಾವತಿ ಪಂಪ್ಡ್ ಸ್ಟೋರೇಜ್ ನೋಡಿ, 2000 ಮೆಗಾವಾಟ್ ಯೋಜನೆ. ಬೇಡಿಕೆ ಕಡಿಮೆ ಇದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರೆತ್ತೋದು, ಬೇಡಿಕೆ ಏರಿದಾಗ ಇಳಿಸಿ ವಿದ್ಯುತ್ ತೆಗೆಯೋದು. ಇಳಿದಾಗ ಸಿಗೋದಕ್ಕಿಂತ ಎತ್ತೋಕೆ ಹೆಚ್ಚು ವಿದ್ಯುತ್ ಬೇಕು. ಲಾಭದ ಸಾಲಲ್ಲಿ 'ಹೊಸ ವಿದ್ಯುತ್' ಅಂತ ಬರೆದರೆ ಲೆಕ್ಕ ಅಲ್ಲೇ ತಪ್ಪಿತು. ಇದು ಕೂಡಿಡೋ ವ್ಯವಸ್ಥೆ. ಇನ್ನು ಈ ಯೋಜನೆ ಬರೋ ಕಾಡಿನಲ್ಲಿರೋ ಸಿಂಗಳೀಕ ಅನ್ನೋ ಕೋತಿ. ಇಲ್ಲಿ ಕಾಂಟ್ ಕೈಕೊಡ್ತಾನೆ, ಅವನ ಪ್ರಕಾರ ಪ್ರಾಣಿಗಳ ಕಡೆಗೆ ನಮಗೆ ನೇರ ಕರ್ತವ್ಯವಿಲ್ಲ. ಅವುಗಳಿಗೆ ಮಾತು, ಯೋಚನೆ ಇದೆಯಾ ಅಂತಲ್ಲ, ನೋವಾಗುತ್ತಾ ಅಂತ ಕೇಳಿ ಅಂದವನು ಬೆಂಥಮ್.

ಆದ್ದರಿಂದ ಇಬ್ಬರಲ್ಲಿ ಒಬ್ಬರನ್ನ ಆರಿಸ್ಕೊಳ್ಳಿ ಅನ್ನೋ ಪಾಠ ನನಗೆ ಒಪ್ಪಿಗೆಯಿಲ್ಲ. ಬೇಡ ಅನ್ನೋ ಹಕ್ಕು ಊರವರಿಗೆ ಇದೆಯಾ ಅಂತ ಮೊದಲು ಕೇಳಬೇಕು. ಆಮೇಲೆ ಏಳು ಸಾಲಿನ ಲೆಕ್ಕ, ಸಿಂಗಳೀಕವನ್ನೂ ಸೇರಿಸಿ. ಲೆಕ್ಕ ಮುಗಿಸಿಕೊಂಡು ಬಂದು ಒಪ್ಪಿಗೆ ಕೇಳಿದರೆ, ಬೇಡ ಅಂದವರು ನಾಡಿನ ಬೆಳಕಿಗೆ ಅಡ್ಡ ನಿಂತವರ ಹಾಗೆ ಕಾಣ್ತಾರೆ.